ಈಸ್ಟರ್ ಸೇಬಿಗೆ ಹೂ ಬಂದ ವರ್ಷ

ಬೇಡ ತಾತ, ಗಿಡಕ್ಕೆ ಸುತ್ತಿರೋ ಆ ಕಾಲುಚೀಲ ಬಿಚ್ಚಬೇಡಿ. ಕೈ ತೆಗೀರಿ. ಇರ್ಲಿ ಬಿಡಿ, ಅದರ ಪಾಡಿಗೆ ಅದು... ಗೊತ್ತು, ಗೊತ್ತು, ಮೇ ತಿಂಗಳು. ಸುತ್ತ ಇಷ್ಟು ಹುಲ್ಲಿರುವಾಗ ಯಾವ ಮೊಲ ಬಂದು ಗಿಡದ ಸಿಪ್ಪೆ ಕಡಿಯುತ್ತೆ. ಏಪ್ರಿಲ್‌ನಲ್ಲೇ ಬಿಚ್ಚಬೇಕಿತ್ತು, ಮರೆತೆ. ಮರೆತೆ ಅಂದ್ನಲ್ಲ. ಮೊದಲು ಮೇಲೆ ನೋಡಿ. ಅಲ್ಲಿ, ಬಲಗಡೆ ಕೊಂಬೆ. ಏಳು ಗೊಂಚಲು ತಾತ, ನಾನು ಎಣಿಸಿದೀನಿ, ನಮ್ಮ ಕಿಟಕಿಯಿಂದ ದಿನಾ ಎಣಿಸ್ತೀನಿ. ನಿನ್ನೆವರೆಗೂ ಬರೀ ಗುಲಾಬಿ ಮೊಗ್ಗು, ಇವತ್ತು ನೀವು ಬಸ್ಸಿಳಿಯೋ ಹೊತ್ತಿಗೆ ಸರಿಯಾಗಿ ಅರಳಿಬಿಟ್ಟಿದೆ. ಯಜಮಾನ್ರು ಬಂದ್ರು ಅಂತ.

ಯಾಕೆ ನಗ್ತೀರಿ? ನಾನು ಸುಳ್ಳು ಹೇಳ್ತಿದೀನಾ?

ಬನ್ನಿ, ಬೆಂಚಲ್ಲಿ ಕೂತ್ಕೊಳ್ಳಿ. ಕೋಲು ಇಲ್ಲಿ ಕೊಡಿ. ಸೊಂಟ ಮುರಿದು ಆರು ತಿಂಗಳೂ ಆಗಿಲ್ಲ, ಮಗಳು ಹೆಂಗೆ ಬಿಟ್ಲು ನಿಮ್ಮನ್ನ? ಹೇಳದೆ ಬಂದ್ರಾ? ಅಯ್ಯೋ ತಾತ. ಡಾಕ್ಟ್ರು ಜೂನ್ ಅಂದಿದ್ರಲ್ಲ... ಹೌದೌದು, ಆರು ವರ್ಷ ಕಾದಿದೀರಿ, ಮೊದಲನೇ ಹೂವನ್ನ ಬೇರೆಯವರ ಬಾಯಲ್ಲಿ ಕೇಳೋಕೆ ಆಗುತ್ತಾ. ಸರಿ. ಚಹಾ ತರ್ಲಾ? ಅಮ್ಮ ಸಮೋವಾರ್ ಹಂಡೇಲಿ ನೀರು ಕಾಯಿಸಿಟ್ಟಿದಾಳೆ. ಬೇಡ್ವಾ. ಏನಿದು, ನನಗಾ? ಗ್ಲಾಶಾಗೆ ಶಾಲು... ಚಳಿಗಾಲ ಪೂರ್ತಿ ಗಿಡ ಕಾದಿದ್ದಕ್ಕೆ... ಬೇಡ ತಾತ. ಬೇಡ, ಇಷ್ಟು ಒಳ್ಳೇದು ನನಗ್ಯಾಕೆ, ಮಗಳಿಗೆ ಕೊಡಿ. ಬಣ್ಣ ಚೆನ್ನಾಗಿದೆ. ಅದಲ್ಲ. ಅಲ್ಲೇ ಇಡಿ, ಆಮೇಲೆ ತಗೋತೀನಿ, ಕೈಯೆಲ್ಲ ಮಣ್ಣು.

ಇಲ್ಲ, ಹೊದ್ಕೊಳ್ಳಲ್ಲ.

ಮುಖ ಯಾಕೆ ಕೆಂಪಗಾಗಿದೆ ಅಂದ್ರೆ... ಬಿಸಿಲು. ಬಿಸಿಲಿಲ್ವಾ? ಹಾಗಾದ್ರೆ ಓಡಿ ಬಂದೆ, ಅದಕ್ಕೆ. ನೀವು ಬಸ್ಸಿಳಿದ್ರಿ ಅಂತ ಅಮ್ಮ ಫೋನಲ್ಲಿ ಅಂದ ತಕ್ಷಣ ಟಿಕೆಟ್ ಕಿಟಕಿ ಮುಚ್ಚಿ ಸ್ಟೇಷನ್‌ನಿಂದ ಓಡಿ ಬಂದಿದೀನಿ. ಜನ ಕಾಯ್ತಿದ್ರು, ಕಾಯ್ಲಿ. ನಿಮಗಿಂತ ಮೊದಲು ಗಿಡದ ಹತ್ರ ಇರ್ಬೇಕಿತ್ತು ನಾನು. ಯಾಕೆ ಅಂದ್ರೆ... ಯಾಕೆ ಅಂತೇನಿಲ್ಲ, ತೋರಿಸ್ಬೇಕಿತ್ತಲ್ಲ.

ಅಲ್ಲಾ ತಾತ, ಒಂದು ಮಾತು ಕೇಳ್ತೀನಿ. ಬೇರೆ ಜಾತಿ ಸೇಬೂ ಚೆನ್ನಾಗೇ ಇರುತ್ತಲ್ವಾ? ಸಂತೇಲಿ ಸಸಿ ಮಾರೋನು ಹೇಳ್ತಿದ್ದ, ಹೊಸ ಜಾತಿಯಂತೆ, ಮೂರೇ ವರ್ಷಕ್ಕೆ ಕಾಯಿ, ಫೆಬ್ರವರಿವರೆಗೂ ಇಡಬಹುದಂತೆ... ಸುಮ್ನೆ ಕೇಳ್ದೆ. ಬೈಬೇಡಿ. ಗೊತ್ತು ನಂಗೆ, ನಿಮ್ಮ ಈಸ್ಟರ್ ಸೇಬು ಅಕ್ಟೋಬರ್‌ನಲ್ಲಿ ಕಲ್ಲು, ಹಲ್ಲು ಮುರಿಯುತ್ತೆ, ಕ್ರಿಸ್‌ಮಸ್‌ಗೂ ಹುಳಿ, ನೆಲಮಾಳಿಗೇಲಿ ಹುಲ್ಲಲ್ಲಿ ಮಲಗಿ ಮಲಗಿ ಈಸ್ಟರ್‌ಗೆ ಜೇನು. ನಿಮ್ಮಮ್ಮ ಈಸ್ಟರ್ ದಿನ ಅದನ್ನ ಮೊಟ್ಟೆ ಜೊತೆ ತಟ್ಟೇಲಿಡ್ತಿದ್ರು. ಕ್ರುತೋಯೆ ಹಳ್ಳೀಲಿ ಅವರ ಮರ ರಸ್ತೆಗೆ ಹೋಯ್ತು, ಅದಕ್ಕೆ ಮುಂಚೆ ನೀವು ಒಂದು ಕಡ್ಡೀನ ಕೋಟಿನ ಒಳಗೆ ಇಟ್ಕೊಂಡು ತಂದ್ರಿ, ಕಾಡುಸೇಬಿನ ಬೇರಿಗೆ ಕಸಿ ಕಟ್ಟಿದ್ರಿ, ಈಗ ಭೂಮಿ ಮೇಲೆ ಆ ಜಾತಿ ಅಂತ ಉಳಿದಿರೋದು ಇದೊಂದೇ. ನೋಡಿ, ಬಾಯಿಪಾಠ. ಆಸ್ಪತ್ರೆ ನರ್ಸ್‌ಗಳಿಗೂ ಬಾಯಿಪಾಠ ಆಗಿರ್ಬೇಕು.

ಮತ್ತೆ ಯಾಕೆ ಎದ್ರಿ? ತಾತ, ಕೂತ್ಕೊಳ್ಳಿ. ದಾರ ಬಿಗಿ ಆಗಿಲ್ಲ, ನಾನೇ ಕಟ್ಟಿದೀನಿ, ಸಿಪ್ಪೆಗೇನೂ ಆಗಲ್ಲ... ಸುಣ್ಣ? ಹೂಂ, ಸುಣ್ಣ ಬಳಿದಿದೀನಿ. ಕಾಲುಚೀಲದ ಒಳಗೂ ಬಳಿದಿದೀನಿ. ಒಳಗೆ ಮಣ್ಣು ಸಗಣಿ ಇದೆ. ಯಾಕೆ ಅಂದ್ರೆ... ತಾತ, ಬಿಚ್ಚಬೇಡಿ. ನಾನೇ ಹೇಳ್ತೀನಿ. ಹೇಳ್ತೀನಿ ಅಂದ್ನಲ್ಲ, ಒಂದು ನಿಮಿಷ ಉಸಿರಾಡೋಕೆ ಬಿಡಿ.

ಇಲಿ.

ಹೂಂ. ಹಿಮದ ಕೆಳಗಿಂದ ಬಂದು ಸಿಪ್ಪೆ ತಿಂದಿದಾವೆ. ಬುಡದಲ್ಲಿ, ಇಷ್ಟಗಲ, ನನ್ನ ಗೇಣಷ್ಟು. ಸುತ್ತಲೂ. ಒಂದು ಕಡೆ ಆದ್ರೂ ಬೆರಳಗಲ ಸಿಪ್ಪೆ ಬಿಟ್ಟಿದಾವಾ ಅಂತ ಮಂಡಿಯೂರಿ ನೋಡಿದೆ ತಾತ, ಬಿಟ್ಟಿಲ್ಲ. ಮೂಳೆ ಥರ ಬೆಳ್ಳಗೆ. ಕಸಿ ಗಂಟಿನ ಮೇಲೇನೇ.

ನೀವು ಹೇಳಿದ್ರಿ. ಆಂಬುಲೆನ್ಸ್‌ನಲ್ಲಿ ಮಲಗಿಸುವಾಗಲೂ ಅದನ್ನೇ ಹೇಳಿದ್ರಿ. ಗ್ಲಾಶಾ, ಮೇಲ್ಗಡೆ ಮೊಲಕ್ಕೆ ಕಾಲುಚೀಲ ಕಟ್ಟಿದೀನಿ, ಕೆಳಗಡೆ ಇಲಿಗೆ ನೀನೇ ಗತಿ, ಹಿಮ ಬಿದ್ದಾಗಲೆಲ್ಲ ಹೋಗಿ ಬುಡದ ಸುತ್ತ ತುಳಿ, ಗಟ್ಟಿ ಹಿಮದಲ್ಲಿ ಇಲಿ ಬಿಲ ಕೊರೆಯಲ್ಲ. ನಿಮ್ಮ ಉಣ್ಣೆ ಬೂಟನ್ನೂ ಕೊಟ್ಟಿದ್ರಿ, ದೊಡ್ಡ ಪಾದ ಆದ್ರೆ ಚೆನ್ನಾಗಿ ತುಳಿಯುತ್ತೆ ಅಂತ. ತುಳಿದೆ ತಾತ. ನಿಜವಾಗ್ಲೂ. ಡಿಸೆಂಬರ್ ಪೂರ್ತಿ ತುಳಿದೆ, ಹಾಡು ಹೇಳ್ಕೊಂಡು ತುಳಿದೆ, ಅಮ್ಮ ಕಿಟಕೀಲಿ ನೋಡಿ ಹುಚ್ಚಿ ಅಂತ ನಕ್ಕಳು. ಆಮೇಲೆ ಜನವರೀಲಿ ಹೊಸ ವರ್ಷದ ರಜೆ... ನಾಳೆ ಹೋಗ್ತೀನಿ ಅಂದೆ. ನಾಳೆ ಮತ್ತೆ ಹಿಮ ಬಿತ್ತು. ಎರಡೂ ಒಟ್ಟಿಗೆ ತುಳಿದ್ರಾಯ್ತು ಅಂದೆ. ಒಲೆ ಮೇಲಿನ ಇಟ್ಟಿಗೆ ಜಗಲೀಲಿ ಬೆಚ್ಚಗೆ ಮಲಗಿರ್ತಿದ್ದೆ, ನೀವು ಫೋನ್ ಮಾಡ್ತಿದ್ರಿ, ತುಳಿದ್ಯಾ ಅಂತ. ಒಂದು ಸಲ... ಇದನ್ನ ಹೇಳ್ಬೇಕಾ... ಒಂದು ಸಲ ಅಡುಗೆಮನೇಲಿ ಆ ಬೂಟು ಹಾಕ್ಕೊಂಡು ನೆಲದ ಮೇಲೆ ಧಪ್ ಧಪ್ ಅಂತ ತುಳಿದೆ. ಕೇಳಿಸ್ತಿದ್ಯಾ ತಾತ, ತುಳೀತಾ ಇದೀನಿ ಅಂದೆ. ನೀವು ಆಸ್ಪತ್ರೆ ಮಂಚದ ಮೇಲೆ ಖುಷಿಯಾಗಿ, ಜೋರಾಗಿ ತುಳಿ ಮಗಳೇ ಅಂದ್ರಿ.

ಬೈರಿ. ಬೈದುಬಿಡಿ.

ಆ ಹೂವೂ ಸುಳ್ಳು. ಒಳಗೆ ಉಳಿದಿರೋ ರಸದಲ್ಲಿ ಅರಳಿದೆ, ಅಷ್ಟೇ. ಸಿಪ್ಪೆ ಇಲ್ದೆ ಬೇರಿಗೆ ಮೇಲಿಂದ ಊಟ ಇಳಿಯಲ್ವಲ್ಲ. ಜೂನ್‌ಗೆ ಎಲೆ ಮಡಚಿಕೊಳ್ಳುತ್ತೆ, ಆಮೇಲೆ ಒಣಗಿ ಪೊರಕೆ. ಮೊಗ್ಗೊಡೆದ ಕಡ್ಡಿ ಇನ್ನು ಕಸಿಗೆ ಬರಲ್ಲ, ಕಣ್ಣು ಕಸಿ ಮಾಡೋಣ ಅಂದ್ರೆ ಕಣ್ಣು ಬಲಿಯೋದು ಜುಲೈ ಕೊನೆಗೆ, ಅಲ್ಲಿವರೆಗೂ ಇದು ಇರಲ್ಲ. ಬುಡದಿಂದ ಚಿಗುರು ಬರುತ್ತೆ, ಆದ್ರೆ ಅದು ಕಾಡುಸೇಬು, ಹಂದೀನೂ ತಿನ್ನಲ್ಲ. ಎಲ್ಲ ಓದಿದೀನಿ ತಾತ, ಎಲ್ಲರ ಹತ್ರ ಕೇಳಿದೀನಿ, ನಮ್ಮ ಗಿಡ ಅಂತ ಹೇಳದೆ ಕೇಳಿದೀನಿ.

...

ಯಾಕೆ ನಗ್ತೀರಿ?

ತಾತ, ನಾನು ಏನು ಹೇಳಿದೆ ಅಂತ ಕೇಳಿಸ್ತಾ? ಗಿಡ ಸಾಯುತ್ತೆ. ತಲೆ ಸವರಬೇಡಿ ನನ್ನ. ಬೇಡ... ಹಾಗೆ ಮಾಡಿದ್ರೆ ಅಳು ಬರುತ್ತೆ. ಅಳ್ತಾ ಇಲ್ಲ. ಇಲಿ ತಿಂದ್ರೆ ತಿನ್ಲಿ ಅಂದ್ರೆ ಏನರ್ಥ? ಇಲಿಗೂ ಹೊಟ್ಟೆ ಇದೆಯಾ? ಅಷ್ಟೇನಾ? ಎರಡು ತಿಂಗಳಿಂದ ನಾನು ಊಟ ಬಿಟ್ಟಿದೀನಿ, ಈ ದಾರೀಲಿ ಬರೋಕೂ ಆಗ್ದೆ ಹಳ್ಳದ ಸುತ್ತಿನಿಂದ ಸ್ಟೇಷನ್‌ಗೆ ಹೋಗ್ತಿದೀನಿ, ನೀವು ಇಲಿಗೆ ಹೊಟ್ಟೆ ಇದೆ ಅಂತೀರಿ.

ಕೋಲು ಯಾಕೆ? ಎಲ್ಲಿಗೆ?

ಪಕ್ಕದ ರಾಯಾ ಅತ್ತೆ ಮನೆಗಾ... ಈಗಲಾ? ಈಗ ಬೇಡ. ಈಗಷ್ಟೇ ಬಂದಿದೀರಿ, ಕಾಲು ಊದಿದೆ ನೋಡಿ. ಅವರಿಲ್ಲ ಮನೇಲಿ. ಇರಬಹುದು, ಗೊತ್ತಿಲ್ಲ. ಕಾಣಿಸ್ತಿದಾರಾ? ಹೂಂ, ಆಲೂಗಡ್ಡೆ ಪಾತೀಲಿ ಬಗ್ಗಿದಾರೆ, ಅವರೇ. ಕರೀಬೇಡಿ ತಾತ. ಕರೀಬೇಡಿ. ದಮ್ಮಯ್ಯ ಅಂತೀನಿ.

ಗೊತ್ತು. ಈ ಗಿಡದಿಂದ ಎರಡು ಕಡ್ಡಿ ತಗೋ ಅಂತ ನೀವು ಅವರಿಗೆ ಫೋನ್ ಮಾಡಿದ್ರಿ. ಮಾರ್ಚ್‌ನಲ್ಲಿ, ಮೊಗ್ಗು ಉಬ್ಬೋಕೆ ಮುಂಚೆ. ತನ್ನ ಕಾಡುಸೇಬಿಗೆ ಕಸಿ ಕಟ್ಕೊಳ್ಲಿ, ಒಂದೇ ಗಿಡಾನ ನಂಬ್ಕೊಂಡು ಕೂರೋನು ಮೂರ್ಖ ಅಂತ. ಅದಕ್ಕೇ ನಗ್ತಿದೀರಿ. ಈ ಬೇಲಿ ಆಚೆ ನಿಮ್ಮಮ್ಮನ ಸೇಬು ಈಗಾಗ್ಲೇ ಚಿಗುರಿದೆ, ಇಲಿಗೆ ಮಂಕುಬೂದಿ ಎರಚಿದೀನಿ ಅಂತ ನಗ್ತಿದೀರಿ.

ತಾತ, ಇಲ್ಲ.

ಅಲ್ಲಿಲ್ಲ. ರಾಯಾ ಅತ್ತೆ ಹತ್ರ ಏನೂ ಇಲ್ಲ.

ಅವರು ಬಂದಿದ್ರು. ಮಾರ್ಚ್ ಇಪ್ಪತ್ತನೇ ತಾರೀಖು, ಚಾಕು ತಂದಿದ್ರು, ಒದ್ದೆ ಬಟ್ಟೆ ತಂದಿದ್ರು ಸುತ್ತಿಡೋಕೆ. ನಾನು ಇಲ್ಲೇ ಇದ್ದೆ. ಹಿಂದಿನ ದಿನವಷ್ಟೇ ಹಿಮ ಕುಸಿದು ಬುಡ ಕಂಡಿತ್ತು, ಮಣ್ಣು ಮೆತ್ತೋಕೆ ಅಂತ ಬಂದಿದ್ದೆ. ಗೇಟ್ ಸದ್ದಾಯ್ತು. ಅವರು ಒಳಗೆ ಬಂದ್ರೆ ನೋಡಿಬಿಡ್ತಾರೆ, ನೋಡಿದ್ರೆ ಸಂಜೆ ಹೊತ್ತಿಗೆ ಊರಿಗೇ ಗೊತ್ತಾಗುತ್ತೆ, ಯೆವ್ಸೇಯ್ ಮುದುಕ ನಂಬಿ ಒಪ್ಪಿಸಿದ್ದ ಗಿಡಾನ ಗ್ಲಾಶಾ ಕೊಂದ್ಲು ಅಂತ. ಓಡಿಹೋಗಿ ಗೇಟಲ್ಲೇ ಅಡ್ಡ ನಿಂತೆ. ತಾತ ಬೇಡ ಅಂದಿದಾರೆ ಅತ್ತೆ, ಮೊದಲ ಹೂ ಬರೋವರೆಗೂ ಚಾಕು ತಾಗಿಸಬಾರದಂತೆ ಅಂದೆ. ಹೋದ ವಾರ ಅವನೇ ಹೇಳಿದ್ನಲ್ಲೇ ಅಂದ್ರು. ನಿನ್ನೆ ಮನಸ್ಸು ಬದಲಾಯಿಸಿದ್ರು ಅಂದೆ. ಅವರು ಚಾಕು ಮಡಚಿ ಜೇಬಿಗೆ ಹಾಕ್ಕೊಂಡು, ಎರಡು ಕಡ್ಡಿ ಕೊಡೋಕೂ ಜಿಪುಣ ಆದ್ನಾ, ಇರ್ಲಿ, ಅವನಮ್ಮನ ಸೇಬು ಅವನೇ ತಿನ್ಲಿ ಅಂದ್ಬಿಟ್ಟು ಹೋದ್ರು. ಅದಕ್ಕೇ ನಿಮಗೆ ಫೋನ್ ಮಾಡ್ಲಿಲ್ಲ ಅವರು. ನೀವು ಅಂದ್ಕೊಂಡ್ರಿ, ಅವರಿಗೆ ಫೋನಲ್ಲಿ ಕಿವಿ ಸರಿಯಾಗಿ ಕೇಳಲ್ಲ, ಅದಕ್ಕೆ ಮಾಡ್ತಿಲ್ಲ ಅಂತ.

ಗಾಬರಿಯಾಗಿತ್ತು ತಾತ. ಆ ಒಂದು ಗಳಿಗೆ ಬಾಯಿಗೆ ಏನು ಬಂತೋ ಅದನ್ನ...

ಏನಾದ್ರೂ ಅನ್ನಿ.

ಯಾಕೆ ನೆಲದ ಮೇಲೆ ಕೂತ್ರಿ? ಬೆಂಚಿದೆಯಲ್ಲ, ನೆಲ ಒದ್ದೆ. ಸರಿ, ನಾನೂ ಕೂತ್ಕೋತೀನಿ. ಹಾಗೆ ನೋಡಬೇಡಿ. ಒಂದು ಗಳಿಗೆ ಅಂದ್ನಲ್ಲ, ಒಂದು ಗಳಿಗೆ ತಪ್ಪು ಯಾರಿಗೂ...

ಒಂದು ಗಳಿಗೆ ಅಲ್ಲ. ಸರಿ. ಅಲ್ಲ.

ಅವರು ಹೋದ್ಮೇಲೆ ಇನ್ನೂ ಮೂರು ವಾರ ಇತ್ತು. ಮೊಗ್ಗು ಉಬ್ಬಿರಲಿಲ್ಲ. ಕತ್ತರಿಸೋದು ನಂಗೂ ಬರುತ್ತೆ, ನೀವೇ ಕಲಿಸಿದೀರಿ, ಪೆನ್ಸಿಲ್ ದಪ್ಪ, ಹೋದ ವರ್ಷದ ಚಿಗುರು, ಶೆಡ್ಡಿನ ಹಿಂದೆ ನೆರಳಲ್ಲಿ ಹಿಮದೊಳಗೆ ಹೂತಿಡೋದು. ಎರಡು ಕಡ್ಡಿ, ಎರಡೇ ಎರಡು. ನನ್ನ ಹತ್ರ ಕತ್ತರಿ ಇತ್ತು. ಎರಡು ಸಲ ಕೊಂಬೆಗೆ ಇಟ್ಟೂ ನೋಡಿದೆ. ಆದ್ರೆ ಕಡ್ಡಿ ಇದ್ರೆ ನೀವು ಯಾಕೆ ಕತ್ತರಿಸಿದೆ ಅಂತ ಕೇಳ್ತಿದ್ರಿ. ಕೇಳಿದ್ರೆ ಹೇಳಬೇಕಾಗ್ತಿತ್ತು. ಇಲಿ ಅನ್ನಬೇಕಾಗ್ತಿತ್ತು, ಬೂಟು ಅನ್ನಬೇಕಾಗ್ತಿತ್ತು, ಅಡುಗೆಮನೆ ನೆಲ... ಕತ್ತರಿ ವಾಪಸ್ ಜೇಬಿಗೆ ಹಾಕ್ಕೊಂಡು ಬಂದೆ.

ಇಷ್ಟೇ ತಾತ. ಇನ್ನೇನಿಲ್ಲ.

ಇಷ್ಟೇ ಅಂದ್ನಲ್ಲ.

...

ನೀವು ಮೊಲಕ್ಕೆ ಕಟ್ಟಿದ್ದ ಕಾಲುಚೀಲನ ಬುಡಕ್ಕೆ ಎಳೆದು ಕಟ್ಟಿದ್ದು ಮೆತ್ತಿದ ಮಣ್ಣು ಉದುರದಿರ್ಲಿ ಅಂತಲ್ಲ, ಗಾಯ ನಿಮಗೆ ಕಾಣದಿರ್ಲಿ ಅಂತ. ಜೂನ್‌ನಲ್ಲಿ ಬಿಚ್ಚಿಬಿಡೋಣ ಅಂತಿದ್ದೆ, ಅಷ್ಟೊತ್ತಿಗೆ ಗಿಡ ಪೂರ್ತಿ ಒಣಗಿರುತ್ತೆ, ಕಿತ್ತು ಸುಟ್ಟುಬಿಟ್ರೆ ಬುಡ ಯಾರು ನೋಡ್ತಾರೆ. ಚಳಿಗೆ ಸತ್ತುಹೋಯ್ತು ಅನ್ನೋದು. ಹೋದ ವಾರ ನಿಮ್ಮ ಮಗಳು ಫೋನ್ ಮಾಡಿದ್ಲು, ಅಪ್ಪ ಊರಿಗೆ ಅಂತ ಕುಣೀತಿದಾರೆ, ಕಳಿಸ್ಲಾ, ದಾರಿ ಹೆಂಗಿದೆ ಅಂತ. ದಾರಿ ಒಣಗಿ ಹತ್ತು ದಿನ ಆಗಿತ್ತು ತಾತ. ಮಂಡಿವರೆಗೆ ಕೆಸರು, ಬೀಳ್ತಾರೆ, ಇನ್ನೊಂದು ತಿಂಗಳು ಅಲ್ಲೇ ಇಟ್ಕೊಳ್ಳಿ ಅಂದೆ. ಫೋನ್ ಇಟ್ಟು ಹೊರಗೆ ಬಂದ್ರೆ ಗಿಡದ ತುಂಬ ಮೊಗ್ಗು. ನಿಂತು ಎಣಿಸಿದೆ, ಏಳು ಗೊಂಚಲು. ಎಣಿಸ್ತಾ ಎಣಿಸ್ತಾ, ದೇವರೇ, ಅವರ ಸೊಂಟ ಈಗಲೇ ವಾಸಿಯಾಗದೆ ಇರ್ಲಿ ಅಂತ ಬೇಡ್ಕೊಂಡೆ.