ಇಪ್ಪತ್ತು ನಿಮಿಷದ ನೈಟ್ರೋಜನ್

ಹೆಸರು, ವಿಳಾಸ ಮೇಲಿನ ನಮೂನೆಯಲ್ಲಿ ಬರೆಸಿದಂತೆ. ವಯಸ್ಸು 41. ಉದ್ಯೋಗ: ಹದಿನಾರು ವರ್ಷದಿಂದ ವನಸ್ಪತಿ ಕಾರ್ಖಾನೆಯಲ್ಲಿ ಆಪರೇಟರ್. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಎಣ್ಣೆಗೆ ನಿಕಲ್ ಪುಡಿ ಬೆರೆಸಿ, ಕಾಯಿಸಿ, ಹೈಡ್ರೋಜನ್ ಹಾಯಿಸಿ ಅದನ್ನು ಗಟ್ಟಿ ಮಾಡುವುದು ನಮ್ಮ ಕೆಲಸ. ಎಣ್ಣೆ ಇಳಿಸಿದ ಮೇಲೂ ಪಾತ್ರೆಯೊಳಗೆ ಹೈಡ್ರೋಜನ್ ಉಳಿದಿರುತ್ತದೆ. ಇಪ್ಪತ್ತು ನಿಮಿಷ ನೈಟ್ರೋಜನ್ ಬಿಟ್ಟು ಅದನ್ನು ಹೊರದೂಡದೆ ಮುಚ್ಚಳ ತೆಗೆಯಬಾರದು. ತಳದಲ್ಲಿ ಉಳಿದ ನಿಕಲ್ ಗಾಳಿ ತಗುಲಿದರೆ ತಾನೇ ಹೊತ್ತಿಕೊಳ್ಳುತ್ತದೆ, ಕಿಡಿಯೂ ಬೇಕಿಲ್ಲ.

ನಿನ್ನೆ ಮಧ್ಯಾಹ್ನ 1.30ಕ್ಕೆ ಒಂದನೇ ಪಾತ್ರೆ ಖಾಲಿಯಾಯಿತು. ನನ್ನ ಪಾಳಿ ಮುಗಿಯುವುದು 2ಕ್ಕೆ, ಬಸ್ಸು 2.05ಕ್ಕೆ. ಪಾಳಿ ಪುಸ್ತಕದ ಕೊನೆಯ ಸಾಲನ್ನು ಮುಂಚೆಯೇ ಬರೆದಿಡುವುದು ನಮ್ಮಲ್ಲಿ ಎಲ್ಲರ ರೂಢಿ. ಕೆಲಸ ಮುಗಿಸಿ ಜಿಡ್ಡುಕೈಯಲ್ಲಿ ಪುಸ್ತಕ ಮುಟ್ಟಿದರೆ ಮೇಲಿನವರು ಬೈಯುತ್ತಾರೆ. ‘1.32ರಿಂದ 1.52, ನೈಟ್ರೋಜನ್ ಹಾಯಿಸಿದೆ’ ಎಂದು ಬರೆದು ಸಹಿ ಹಾಕಿದೆ. ವಾಲ್ವಿನತ್ತ ಹೊರಡುವಷ್ಟರಲ್ಲಿ ಎರಡನೇ ಪಾತ್ರೆಯ ಒತ್ತಡ ಏರಿ ಗಂಟೆ ಹೊಡೆಯಿತು. ಓಡಿದೆ. ಅದನ್ನು ಹತೋಟಿಗೆ ತಂದು ಮರಳಿದಾಗ 1.53. ಪುಸ್ತಕದಲ್ಲಿ ನನ್ನದೇ ಅಕ್ಷರ ಕಂಡು, ಮಾಡಿಯಾಗಿದೆ ಎಂದೇ ನಂಬಿದೆ. ನನ್ನ ಬುದ್ಧಿಗೆ ಏನು ಹೇಳಲಿ.

ಮುಂದಿನ ಪಾಳಿಗೆ ಬಂದವರು ನನ್ನ ಹೆಂಡತಿಯ ಅಣ್ಣ. ನೈಟ್ರೋಜನ್ ಬಿಟ್ಟಾಯ್ತಾ ಭಾವ ಎಂದು ಕೇಳಿದರು. ಪುಸ್ತಕ ನೋಡಿಕೊಳ್ಳಿ, ನನಗೆ ಬಸ್ಸು ತಪ್ಪುತ್ತೆ ಎಂದೆ. ನನ್ನ ತಂಗಿಗಿಂತ ಆ ಬಸ್ಸಿನ ಮೇಲೇ ನಿಮಗೆ ಜೀವ ಎಂದು ನಕ್ಕರು.

2.04ಕ್ಕೆ ನಾನು ಗೇಟಿನಿಂದ ಮೂವತ್ತು ಅಡಿ ದೂರದಲ್ಲಿದ್ದಾಗ ಸದ್ದು ಕೇಳಿತು. ವಾಪಸು ಓಡಿಬಂದಾಗ ಒಂದನೇ ಪಾತ್ರೆಯ ಮುಚ್ಚಳ ತೆರೆದಿತ್ತು, ಅವರು ಮುಖ ಮುಚ್ಚಿಕೊಂಡು ಕುಳಿತಿದ್ದರು. ಕೈಗಳು ಸುಟ್ಟಿದ್ದವು. ಕಿಡಿ ಏಳದಿರಲೆಂದು ನಾವು ಬಳಸುವ ಹಿತ್ತಾಳೆ ಸ್ಪ್ಯಾನರ್ ಪಕ್ಕದಲ್ಲೇ ಬಿದ್ದಿತ್ತು. ಕಣ್ಣು ಉಳಿಯುತ್ತದೋ ಇಲ್ಲವೋ ಇನ್ನೂ ನಾಲ್ಕು ದಿನ ಹೇಳಲಾಗದು ಎಂದು ಡಾಕ್ಟರು ತಿಳಿಸಿದ್ದಾರೆ.

ಇಂದು ಬೆಳಿಗ್ಗೆ 10ಕ್ಕೆ ಮ್ಯಾನೇಜರ್ ನನ್ನನ್ನು ಕರೆಸಿದರು. ಗಾಯಾಳು ಕಬ್ಬಿಣದ ಸ್ಪ್ಯಾನರ್ ಬಳಸಿ ಕಿಡಿ ಎಬ್ಬಿಸಿದರೆಂದು ಹೇಳಿದರೆ ನನ್ನ ಕೆಲಸ ಉಳಿಯುತ್ತದೆ, ಪುಸ್ತಕವೂ ನನ್ನ ಪರವಾಗಿದೆ ಎಂದರು. ಅದು ಸುಳ್ಳು. ಆಸ್ಪತ್ರೆಯಲ್ಲಿ ನನ್ನ ಹೆಂಡತಿ, ಅಣ್ಣ ಏನು ತಪ್ಪು ಮಾಡಿದ ಎಂದು ಕೇಳಿದಳು. ಕೂರಲಾಗದೆ, ನಿಲ್ಲಲಾಗದೆ ವರಾಂಡದಲ್ಲಿ ಒಂದು ಗಂಟೆ ಓಡಾಡಿ, 3.15ಕ್ಕೆ ಅಲ್ಲಿಂದ ನೇರ ಇಲ್ಲಿಗೆ ಬಂದೆ. ಅವರ ತಪ್ಪು ಏನೂ ಇಲ್ಲ. ನನ್ನ ಅಕ್ಷರವನ್ನು ನಂಬಿದರು, ಅಷ್ಟೆ.

ಮೇಲಿನದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಬರೆದುಕೊಂಡವರು ಕೊನೆಯಲ್ಲಿ ಸಮಯ 4.30 ಎಂದು ತಾವೇ ಹಾಕಿ, ಸಹಿ ಮಾಡಿ ಹೊರಡಿ ಎಂದರು. ಗೋಡೆ ಗಡಿಯಾರದಲ್ಲಿ 4.21 ಆಗಿತ್ತು. ಇದನ್ನೂ ಸೇರಿಸಿ ಎಂದು ಕೇಳಿಕೊಂಡು, ಕಾದು ಕುಳಿತು, 4.30ಕ್ಕೆ ಸಹಿ ಹಾಕುತ್ತಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ನಮೂನೆಯಲ್ಲಿರುವಂತೆ
ಸಹಿ/-