ಬಾವುಟ ನೆಟ್ಟವನೇ ಹೋಗಬೇಕಿತ್ತು

ಸಾದಲಿಯ ಹಿರಿಯರಿಗೆ, ತಾಯಂದಿರಿಗೆ, ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಬಂದಿರುವ ಮಾಜಿ ಸೈನಿಕ ಬಂಧುಗಳಿಗೆ ನಮಸ್ಕಾರ. ನಮ್ಮ ಚಲಪತಿಯವರ ತಾಯಿ ಲಕ್ಷ್ಮೀನರಸಮ್ಮನವರೇ, ಪತ್ನಿ ರಾಧಾಮಣಿಯವರೇ — ನಿಮ್ಮ ಮುಂದೆ ಮೈಕ್ ಹಿಡಿದು ನಿಲ್ಲೋದಕ್ಕೆ ನನಗೆ ಸಂಕಟ ಆಗ್ತಿದೆ. ನಾನು ಗೌರಿಬಿದನೂರಿನ ವೆಂಕಟರಾಯಪ್ಪ. ಸುಬೇದಾರ್ ಚಲಪತಿಯವರೂ ನಾನೂ ಒಂದೇ ಯೂನಿಟ್ಟಿನವರು. ಹೋದ ವರ್ಷ ನಾನು ನಿವೃತ್ತನಾಗಿ ಊರಿಗೆ ಬಂದೆ. ಅವರು — ಹೀಗೆ ಬಂದರು.

ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳ್ತಿದ್ದರು, ‘ಗಡೀಲಿ ಹೋದ್ರಂತೆ’ ಅಂತ. ಗಡಿಯಲ್ಲಿ ಅಲ್ಲ ಸ್ವಾಮಿ. ಯುದ್ಧವೂ ಅಲ್ಲ. ಸೈನಿಕರು ಫಿರಂಗಿ ಹೊಡೆಯೋದನ್ನ ಅಭ್ಯಾಸ ಮಾಡುವ ಬಯಲು, ಫೈರಿಂಗ್ ರೇಂಜ್. ಅಲ್ಲಿ ಹಾರಿಸಿದ ಶೆಲ್ಲುಗಳಲ್ಲಿ ಒಂದೊಂದು ಬಿದ್ದರೂ ಸಿಡಿಯೋದಿಲ್ಲ. ಸುಮ್ಮನೆ ಮಲಗಿರುತ್ತೆ. ಅದನ್ನು ಮುಟ್ಟೋ ಹಾಗಿಲ್ಲ, ಎತ್ತೋ ಹಾಗಿಲ್ಲ. ಪಕ್ಕದಲ್ಲಿ ಕೆಂಪು ಬಾವುಟ ನೆಟ್ಟು, ಆಮೇಲೆ ಒಬ್ಬನೇ ಹೋಗಿ, ಮದ್ದು ಇಟ್ಟು, ದೂರ ಬಂದು, ಬಿದ್ದ ಜಾಗದಲ್ಲೇ ಸಿಡಿಸಬೇಕು. ಚಲಪತಿಯವರು ಮಾಡುತ್ತಿದ್ದ ಕೆಲಸ ಅದು. ಹುಡುಗರಿಗೆ ಕಲಿಸುತ್ತಿದ್ದವರೂ ಅವರೇ.

ಆ ಮನುಷ್ಯನ ಶಿಸ್ತು ಎಂಥದ್ದು! ರೇಂಜಿನ ಬಾಗಿಲಲ್ಲಿ ನಿಂತು ಎಲ್ಲರ ಜೇಬೂ ತಡಕುತ್ತಿದ್ದರು — ಹೀಗೆ, ಹೀಗೆ. ಬೆಂಕಿಪೊಟ್ಟಣ ಇಲ್ಲ, ಮೊಬೈಲ್ ಇಲ್ಲ. ಕರ್ನಲ್ ಸಾಹೇಬರು ಬಂದರೂ ಅಷ್ಟೇ. ಇದೆಲ್ಲ ಸೈನ್ಯ ಕಲಿಸಿದ್ದು ಅಂದುಕೊಂಡಿದ್ದೆ. ಒಂದು ಸಲ ರಜದಲ್ಲಿ ಇಲ್ಲಿಗೆ ಬಂದೆ ನೋಡಿ, ಆಗ ಗೊತ್ತಾಯಿತು. ಇವರ ರೇಷ್ಮೆ ಹುಳುಮನೆ ನೋಡೋಣ ಅಂತ ಒಂದು ಕಾಲು ಒಳಗಿಟ್ಟಿದ್ದೆ. ಲಕ್ಷ್ಮೀನರಸಮ್ಮನವರು, ‘ಯಾರಪ್ಪ ಅದು, ಕಾಲು ತೊಳ್ಕೊಂಡು ಬಾ! ನನ್ ಹುಳ ಸಾಯಿಸ್ತೀಯಾ?’ ಅಂದರು. ಚಲಪತಿ ಹಿಂದೆ ನಿಂತು ನಗ್ತಾ ಇದ್ದರು. ಅವರ ಶಿಸ್ತು ಸೈನ್ಯದ್ದಲ್ಲ, ಅವರಮ್ಮನದ್ದು.

ಇಂಥವರು ಒಂದೇ ಒಂದು ವಿಷಯದಲ್ಲಿ ಸಡಿಲ ಬಿಟ್ಟರು. ಅದನ್ನ ಇವತ್ತು ಹೇಳಲೇಬೇಕು.

ನಮ್ಮ ಕಡೆ ಒಂದು ಶಾಸ್ತ್ರ ಇದೆಯಲ್ಲ — ಹೆಂಡತಿ ಬಸುರಿಯಾಗಿದ್ದಾಗ ಗಂಡ ಕಾಯಿ ಒಡೆಯಬಾರದು. ಚಲಪತಿ ಅದನ್ನ ರೇಂಜಿಗೂ ತಂದಿದ್ದರು. ಯಾವ ಹುಡುಗನ ಹೆಂಡತಿ ಬಸುರಿಯೋ ಅವನ ಪಾಳಿ ಇವರು ತಗೊಳ್ಳೋದು. ‘ಕಾಯಿನೇ ಒಡೀಬಾರ್ದು ಅಂತಾರೆ, ನೀನು ಶೆಲ್ ಒಡೀತೀಯೇನೋ? ಹೋಗೋ, ಟೀ ಕುಡಿ’ ಅನ್ನೋರು. ನಾವೆಲ್ಲ ನಗ್ತಿದ್ದೆವು. ಎಂಥ ದೊಡ್ಡ ಮನಸ್ಸು ಅಂತ ಹೊಗಳ್ತಿದ್ದೆವು. ಮೇಲಿನವರೂ ಕಂಡೂ ಕಾಣದ ಹಾಗೆ ಇದ್ದರು.

ಆದರೆ ನಮ್ಮ ಯೂನಿಟ್ಟಿನ ನಿಯಮ ಬೇರೆ. ಬಾವುಟ ನೆಟ್ಟವನೇ ಸಿಡಿಸೋದಕ್ಕೂ ಹೋಗಬೇಕು. ಯಾಕೆ? ಆ ನೆಲ ತುಳಿದಿರೋನು ಅವನು. ನೋಡಿದ್ದನ್ನೆಲ್ಲ ಇನ್ನೊಬ್ಬರಿಗೆ ಹೇಳೋಕಾಗಲ್ಲ.

ಆವತ್ತು ಬಾವುಟ ನೆಟ್ಟವನು ಮೋಹನ್‌ಬಾಬು. ನಮ್ಮ ಮಂಚೇನಹಳ್ಳಿ ಹುಡುಗ, ನಡೆದದ್ದನ್ನೆಲ್ಲ ನನಗೆ ಹೇಳಿದವನೂ ಅವನೇ. ಅವನ ಹೆಂಡತಿ ಮೌನಿಕಾಗೆ ಈಗ ತುಂಬಿದ ತಿಂಗಳು. ಚಲಪತಿ ಎಂದಿನ ಹಾಗೆ, ‘ಏರಾ ಬಾಬು, ಕೊಡು ಇಲ್ಲಿ’ ಅಂತ ಮದ್ದಿನ ಚೀಲ ಇಸ್ಕೊಂಡರು. ಮೋಹನ್‌ಬಾಬು ಬಾವುಟ ಎಲ್ಲಿದೆ, ಶೆಲ್ ಹೇಗೆ ಬಿದ್ದಿದೆ, ಎಲ್ಲ ಸರಿಯಾಗಿಯೇ ಹೇಳಿದ. ಒಂದು ಮಾತು ಹೇಳಲಿಲ್ಲ. ಬೆಳಿಗ್ಗೆ ಹೋಗುವಾಗ ಒಂದು ಕಡೆ ಮರಳು ಸ್ವಲ್ಪ ಉಬ್ಬಿದ ಹಾಗಿತ್ತಂತೆ, ಅವನು ಬಳಸಿಕೊಂಡು ನಡೆದಿದ್ದ. ಅದು ಹೇಳೋಂಥ ವಿಷಯ ಅಂತ ಅವನಿಗೇ ಅನ್ನಿಸಿರಲಿಲ್ಲ. ಕಾಲಿಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಚಲಪತಿ ನೆಟ್ಟಗೆ ನಡೆದರು. ಮರಳಿನ ಕೆಳಗೆ ಯಾವ ಕಾಲದ್ದೋ ಒಂದು ಹಳೇ ಶೆಲ್ — 

ಕ್ಷಮಿಸಿ. ಒಂದು ನಿಮಿಷ.

ಇದನ್ನೆಲ್ಲ ಇಲ್ಲಿ ಹೇಳೋದು ಬೇಡ, ನಾಲ್ಕು ಒಳ್ಳೆಯ ಮಾತಾಡಿ ಮುಗಿಸೋಣ ಅಂತಲೇ ಬಂದೆ. ರಾಧಾಮಣಿಯವರು ಬೆಳಿಗ್ಗೆ ಕರೆದು ಹೇಳಿದರು: ‘ಅಣ್ಣ, ಅವರನ್ನ ದೇವರು ಮಾಡ್ಬೇಡಿ. ತಪ್ಪು ಮಾಡಿದ್ರು ಅಂತಾನೇ ಹೇಳಿ. ಇಲ್ಲಾಂದ್ರೆ ನಾಳೆ ಇನ್ನೊಬ್ಬರು ಇದನ್ನೇ ದೊಡ್ಡತನ ಅಂದ್ಕೊಂಡು ಹೋಗ್ತಾರೆ.’ ಅದಕ್ಕೇ ಹೇಳ್ತಿದ್ದೀನಿ. ಚಲಪತಿಯವರೇ — ನೀವು ತಪ್ಪು ಮಾಡಿದಿರಿ. ನೀವೇ ಕಲಿಸಿದ ನಿಯಮ ಅದು. ನಿಮ್ಮ ಪ್ರೀತಿ ನಮಗೆ ಬೇಕಿತ್ತು, ಆದರೆ ಈ ರೀತಿ ಬೇಕಿರಲಿಲ್ಲ. ಇಲ್ಲಿ ಸೇವೆಯಲ್ಲಿರುವ ಹುಡುಗರು ಕೂತಿದ್ದೀರಿ. ದಯವಿಟ್ಟು ಕೇಳಿ. ನಿಮ್ಮ ಪಾಳಿ ಯಾರಿಗೂ ಕೊಡಬೇಡಿ, ಯಾರದ್ದನ್ನೂ ಕೇಳಬೇಡಿ. ಹೆಂಡತಿ ಬಸುರಿ, ಮನಸ್ಸು ಸರಿ ಇಲ್ಲ ಅಂದರೆ ಬೆಳಿಗ್ಗೆ ಬಾವುಟ ಹಿಡಿಯೋ ಮೊದಲೇ ಹೇಳಿ. ಅದರಲ್ಲಿ ನಾಚಿಕೆ ಏನಿದೆ?

ಇನ್ನೊಂದು ಮಾತು. ಫೋಟೋ ಮುಂದಿನ ದೀಪ ಇನ್ನೂ ಹಚ್ಚಿಲ್ಲ. ಮೋಹನ್‌ಬಾಬು ಬೆಳಿಗ್ಗೆಯಿಂದ ಗೇಟಿನ ಆಚೆ ನಿಂತಿದ್ದಾನೆ. ‘ಬಸುರಿ ಹೆಂಡ್ತಿ ಇರೋನು ಇಂಥ ಕಡೆ ಬರಬಾರ್ದು’ ಅಂತ ಯಾರೋ ಹಿರಿಯರು ತಡೆದರಂತೆ. ನಿಜ ಹೇಳಬೇಕಂದರೆ, ಯಾರೂ ತಡೆಯದಿದ್ದರೂ ಅವನು ಒಳಗೆ ಬರುತ್ತಿರಲಿಲ್ಲ. ಈ ತಾಯಿಯ ಮುಖ ಹೇಗೆ ನೋಡಲಿ ಅಂತ ನನ್ನ ಕೈ ಹಿಡಿದು ಅತ್ತ. ನಾನು ಅದನ್ನ ರಾಧಾಮಣಿಯವರಿಗೆ ಹೇಳಿದೆ. ಅವರು ಅಂದ ಮಾತು ಇಷ್ಟೇ: ‘ಆ ಶಾಸ್ತ್ರ ಒಂದ್ಸಲ ಕೇಳಿದ್ದು ಸಾಕು ಅಣ್ಣ. ದೀಪ ಅವನೇ ಹಚ್ಚಲಿ.’

ಲಕ್ಷ್ಮೀನರಸಮ್ಮನವರು ತಲೆ ಆಡಿಸ್ತಿದ್ದಾರೆ, ನೋಡಿ.

ಈಗ ಎಲ್ಲರೂ ಎದ್ದು ನಿಲ್ಲಿ. ಮೊಬೈಲ್ ಆಫ್ ಮಾಡಿ — ಚಲಪತಿ ಜೇಬು ತಡಕೋರು, ಮರೀಬೇಡಿ. ಆ ಹುಡುಗ ಗೇಟಿನಿಂದ ಇಲ್ಲಿಗೆ ನಡೆದು ಬಂದು ದೀಪ ಹಚ್ಚೋವರೆಗೂ ಯಾರೂ ಮಾತಾಡೋದು ಬೇಡ. ಅದೇ ನಮ್ಮ ಮೌನ. ಸ್ವಲ್ಪ ದಾರಿ ಬಿಡಿ.

ಬಾಪ್ಪ ಬಾಬು. ನಿಧಾನಕ್ಕೆ ಬಾ. ಕಾಯ್ತೀವಿ.