ಸರ್ಬಿಯಾದ ಕಮಾಂಡರ್, ನಮ್ಮ ರುದ್ರೇಶ

ಅಲ್ಲ ಕಣ್ರೋ, ಅವನ ಹೆಸರು ನನಗೂ ಮರೆತುಹೋಗಿದೆ, ಸರ್ಬಿಯಾದ ಸೇನಾ ಕಮಾಂಡರ್ ಅಂತಷ್ಟೇ ಇಟ್ಕೊಳ್ಳಿ. ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ಒಂದು ಪೇಪರ್‌ನಲ್ಲಿ ನನಗೆ ಮೊದಲ ಕೆಲಸ, ಇಂಗ್ಲಿಷ್ ಸುದ್ದಿ ಕನ್ನಡಕ್ಕೆ ಇಳಿಸೋದು. ಎಂ.ಎ. ಮಾಡಿದ್ದ ತಪ್ಪಿಗೆ ಪ್ರಪಂಚದ ಯುದ್ಧವೆಲ್ಲ ನನ್ನ ಟೇಬಲ್ಲಿಗೇ ಬೀಳ್ತಿತ್ತು. ಆ ಕಮಾಂಡರ್‌ನ ಇಡೀ ಬದುಕು ಬರೆದೆ: ಕುರಿ ಕಾಯ್ತಿದ್ದ, ಸೈನಿಕ ಶಾಲೆ ಸೇರಿದ, ಬಡ್ತಿ ಮೇಲೆ ಬಡ್ತಿ, ಕೊನೆಗೆ ಅಕ್ಕಪಕ್ಕದವರ ಊರನ್ನೇ ಸುಟ್ಟ, ಬೆಳಗ್ಗೆ ಪ್ಲಮ್ ಹಣ್ಣಿನ ಸಾರಾಯಿ ಇಲ್ಲದೆ ಏಳ್ತಿರ್ಲಿಲ್ಲ. ಭದ್ರಾವತೀಲಿ, ನಮ್ಮನೇಲಿ, ಅಪ್ಪ ಅದನ್ನ ಗಟ್ಟಿಯಾಗಿ ಓದಿದ್ರು. ಅಮ್ಮಂಗೆ ಓದೋಕೆ ಬರ್ತಿರ್ಲಿಲ್ಲ. "ಥೂ, ಎಂಥಾ ಮನುಷ್ಯ! ಆದ್ರೂ ಕಣ್ಮುಂದೆ ಬಂದು ನಿಂತಂಗೆ ಬರ್ದಿದೀಯಲ್ಲೇ ಮಾರಾಯ್ತಿ" ಅಂದ್ಲು ಅಮ್ಮ.

ಅದಾಗಿ ಸ್ವಲ್ಪ ದಿನಕ್ಕೆ, ಅಲ್ಲ, ಮಳೆ ಹಿಡಿದಿತ್ತು, ತಿಂಗಳುಗಳೇ ಆಗಿರ್ಬೇಕು, ನಿಮ್ಮ ರುದ್ರೇಶ ಮಾಮ, ನನ್ನ ಬೆನ್ನಿಗೆ ಹುಟ್ಟಿದೋನು, ಫೋಟೋದಲ್ಲಿ ನೋಡಿದೀರಲ್ಲ, ಗಡೀಲಿ ಸಿಪಾಯಿಯಾಗಿದ್ದೋನು, ಪೆಟ್ಟಿಗೇಲಿ ಬಂದ. ಮಣ್ಣು ಮಾಡಿ ಬಂದ ಮೇಲೆ ನಮ್ಮ ಸಂಪಾದಕರು, "ತಮ್ಮನ ಬದುಕು ನೀನೇ ಬರೀಬೇಕಮ್ಮ" ಅಂದ್ರು. ಅಮ್ಮ ಪಕ್ಕದಲ್ಲೇ ಕೂತು ಹೇಳ್ತಾ ಹೋದ್ಲು. "ನುಗ್ಗೆಕಾಯಿ ಹುಳಿ ಮಾಡಿದ್ರೆ ಅಗಿದ ನಾರೆಲ್ಲ ಅಪ್ಪನ ತಟ್ಟೆಗೆ ಹಾಕಿ, ನಾನಲ್ಲಪ್ಪ ಅಂತಿದ್ದ, ಬರಿ. ಗುಡುಗಿದ್ರೆ ಬಂದು ನನ್ನ ಸೆರಗು ಹಿಡ್ಕೊಳ್ತಿದ್ದ, ಮೀಸೆ ಬಂದ್ಮೇಲೂ, ಬರಿ." ಬರೆದೆ. ನಗು ಬಂದ್ರೂ ಬರೆದೆ, ಅಳು ಬಂದ್ರೂ ಬರೆದೆ.

ಸಂಪಾದಕರು ಕೆಟ್ಟವರಲ್ಲ. "ವೀರಯೋಧ ಕಣಮ್ಮ, ಗುಡುಗಿಗೆ ಹೆದರ್ತಿದ್ದ ಅಂತ ಹಾಕೋಕಾಗುತ್ತಾ?" ಅಂದು ಎಲ್ಲ ಹೊಡೆದುಹಾಕಿ, "ಬಾಲ್ಯದಿಂದಲೇ ದೇಶಪ್ರೇಮ ಉಕ್ಕಿ ಹರಿಯುತ್ತಿತ್ತು" ಅಂತ ತಾವೇ ತುಂಬಿಸಿದ್ರು. ನನ್ನ ಹೆಸರು ಮಾತ್ರ ದಪ್ಪಕ್ಷರದಲ್ಲಿತ್ತು.

ಬೆಳಗ್ಗೆ ಅಪ್ಪ ಓದಿದ್ರು. ಅಮ್ಮ ಕೊನೇವರೆಗೂ ಕೇಳಿದ್ಲು, ಅಳ್ಲಿಲ್ಲ. ಆಮೇಲೆ ಅಂದ್ಲು, "ಇದು ಯಾರ್ದೋ ಮಗಂದು ಕಣ್ರೀ. ನಮ್ಮ ಹುಡುಗಂದು ಓದಿ." ಅಪ್ಪ ಪುಟ ತಿರುವಿದ್ರು. ಇಲ್ಲ ಅಂತ ಅವರಿಗೆ ಗೊತ್ತಿತ್ತು. ಆದ್ರೂ ತಿರುವಿದ್ರು ಕಣ್ರೋ, ಸಿನಿಮಾ ಪುಟ, ಅಡಿಕೆ ಧಾರಣೆ, ಕೊನೇ ಪುಟದವರೆಗೂ ಹುಡುಕಿದ್ರು.

ಅಷ್ಟೇ. ಮನೇಲಿರೋರು ಯಾವುದಕ್ಕೆ ನಗ್ತಾರೆ, ಯಾವುದಕ್ಕೆ ಮುನಿಸ್ಕೋತಾರೆ ಅಂತ ಅವರು ಎದುರಿಗಿರುವಾಗ್ಲೇ ನೋಡಿಟ್ಕೊಳ್ಳಿ, ಅದನ್ನ ಯಾರೂ ಅಚ್ಚು ಹಾಕಲ್ಲ. ಏಳಿ ಈಗ, ಕೈ ತೊಳ್ಕೊಳ್ಳಿ.